ಚಿಕ್ಕಮ್ಮನ ಎಂ.ಎಸ್ಸಿ.

ನಮ್ಮ ಚಿಕ್ಕಮ್ಮ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಮಾಡಿದ್ದಾಳೆ. ಹಾಗಂತ ಅವಳೇ ಹೇಳುತ್ತಾಳೆ. ಆ ವಿಶ್ವವಿದ್ಯಾಲಯಕ್ಕೆ ಮಾತ್ರ ಈ ವಿಷಯ ಇನ್ನೂ ಗೊತ್ತಾಗಿಲ್ಲ!

ಗೊತ್ತಾಗುವುದಾದರೂ ಹೇಗೆ? ಅವಳ ಹತ್ತಿರ ಪಾಸ್‌ಪೋರ್ಟ್ ಇಲ್ಲ. ದೋಣಿಗಲ್ ದಾಟಿ ಘಾಟಿ ಇಳಿದದ್ದು ಜೀವಮಾನದಲ್ಲಿ ಎರಡೇ ಸಲ, ಎರಡು ಸಲವೂ ಬಸ್ಸಿನ ಡ್ರೈವರನ ಹಿಂದೆಯೇ ಕೂತು ತಿರುವಿನಲ್ಲಿ ಗೇರು ಹಾಕುವುದು ಹೇಗೆಂದು ಅವನಿಗೆ ಪಾಠ ಹೇಳಿದ್ದಾಳೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಹಾನುಬಾಳಿನ ಸುತ್ತಮುತ್ತ ಯಾರನ್ನೇ ಕೇಳಿ ನೋಡಿ, "ಓ, ಫಾರಿನ್ ಓದು ಓದಿರೋ ಅಮ್ಮಾವ್ರಾ?" ಎಂದು ದಾರಿ ತೋರಿಸುತ್ತಾರೆ. ನಿಜಕ್ಕೂ ಫಾರಿನ್ನಿಗೆ ಹೋಗಿ, ಚಳಿಯಲ್ಲಿ ಹಲ್ಲು ಕಟಕಟಿಸಿ, ಪರೀಕ್ಷೆ ಬರೆದು ಪಾಸಾದವಳು ನಾನು. ನನ್ನನ್ನು ಅದೇ ಜನ ಇವತ್ತಿಗೂ ಗುರುತಿಸುವುದು "ಅಮ್ಮಾವ್ರ ಅಕ್ಕನ ಮಗಳು" ಅಂತ!

ನಮ್ಮ ಮನೆ ಆಲೂರಿನ ಕಡೆ. ಹೈಸ್ಕೂಲಿಗೆ ದೂರವಾಗುತ್ತದೆಂದು ಮೂರು ವರ್ಷ ನನ್ನನ್ನು ಹಾನುಬಾಳಿನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ಅವಳಿಗೆ ಎಂಟು ಎಕರೆ ಕಾಫಿ ತೋಟ, ಒಂದು ಹಳೇ ಜೀಪು ಮತ್ತು ಒಬ್ಬರು ಚಿಕ್ಕಪ್ಪ ಇದ್ದಾರೆ. ಮೂರನ್ನೂ ಅವಳೇ ಓಡಿಸುತ್ತಾಳೆ. ಚಿಕ್ಕಪ್ಪ ಮಾತ್ರ ಏರಿನಲ್ಲೂ ಸದ್ದು ಮಾಡುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ವಿದ್ಯಾರ್ಥಿವೇತನ ಸಿಕ್ಕಿತು. ಇಂಗ್ಲೆಂಡಿನ ಒಂದು ಊರಿನಲ್ಲಿ ಪೌಷ್ಟಿಕಾಂಶ ಮತ್ತು ಸಾರ್ವಜನಿಕ ಆರೋಗ್ಯ ಓದುವುದೆಂದಾಯಿತು. ಈ ಸುದ್ದಿ ನಮ್ಮೂರಿನಲ್ಲಿ ಒಂದು ಸುತ್ತು ಹೊಡೆದು ಮನೆಗೆ ವಾಪಸ್ಸಾಗುವ ಹೊತ್ತಿಗೆ ನಾನು ಅಡುಗೆ ಕಲಿಯಲು ಹೊರಟಿದ್ದೇನೆ ಎಂದಾಗಿತ್ತು. ಅಮ್ಮನಿಗೆ ತಲೆ ಎತ್ತಿ ತಿರುಗುವುದೇ ಕಷ್ಟವಾಯಿತು. ಮಗಳಿಗೆ ಸಾರು ಕುದಿಸುವುದನ್ನೂ ಕಲಿಸದೆ ವಿಮಾನ ಹತ್ತಿಸಿದವಳು ಅಂತ ಜನ ಆಡಿಕೊಳ್ಳುವುದಿಲ್ಲವೇ? ಕೊನೆಗೆ ವಿಚಾರಣೆಗೆಂದು ಚಿಕ್ಕಮ್ಮ ಜೀಪಿನಲ್ಲಿ ಬಂದಿಳಿದಳು.

"ಏನೇ ಓದೋದು ಅಲ್ಲಿ?"

"ಜನ ಏನು ತಿಂತಾರೆ, ಏನು ತಿನ್ನಬೇಕು, ತಿನ್ನದಿದ್ರೆ ಏನಾಗುತ್ತೆ ಅಂತ."

"ಅಷ್ಟು ಯೋಳೋಕೆ ನಾನ್ ಸತ್ತೋಗಿದ್ನಾ?"

ಒಂದು ಗಂಟೆ ವಾದ ಮಾಡಿದೆವು. ಆಮೇಲೆ ಅವಳು ಒಂದು ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಳು. ನಮ್ಮಪ್ಪ ಅಮ್ಮನ ಒಪ್ಪಿಗೆ ಯಾರೂ ಕೇಳಿರಲಿಲ್ಲ, ಬಿಡಿ. ಷರತ್ತು ಇಷ್ಟೇ: "ಕ್ಲಾಸಲ್ಲಿ ಯೋಳ್ಕೊಟ್ಟಿದ್ದನ್ನೆಲ್ಲ ವಾರಕ್ಕೊಂದು ಕಾಗದದಾಗೆ ನಂಗೆ ಬರಿಬೇಕು. ಕನ್ನಡದಾಗೆ. ನೀನ್ ಅಲ್ಲಿ ಓದು, ನಾನ್ ಇಲ್ಲಿ ಓದ್ತೀನಿ. ಯಾರ್ ಮುಂದೆ ಹೋಗ್ತಾರೆ ನೋಡೇಬುಡಾಣ."

ಆ ಊರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಬೆಳಕು ಮುಗಿಯುತ್ತಿತ್ತು. ನನ್ನ ಕೋಣೆ ನಮ್ಮ ಚಿಕ್ಕಮ್ಮನ ಜೀಪಿಗಿಂತ ಸ್ವಲ್ಪವೇ ದೊಡ್ಡದು. ತರಗತಿಯಲ್ಲಿ ಹತ್ತು ದೇಶದವರಿದ್ದೆವು. ಪಾಠ ಹೇಳುತ್ತಿದ್ದ ವಯಸ್ಸಾದ ಪ್ರೊಫೆಸರಮ್ಮ ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಅದನ್ನೇ ಕೋಣೆಯೆಲ್ಲ ಹುಡುಕುತ್ತಿದ್ದರು. ಮೊದಲ ವಾರ ಅವರು ಕೈ ತೊಳೆಯುವುದರ ಬಗ್ಗೆ ಹೇಳಿದರು. ಸೋಪು ಹಚ್ಚಿ, ಬೆರಳ ಸಂದಿ ಉಜ್ಜಿ, ನಿಧಾನಕ್ಕೆ ತೊಳೆಯಬೇಕು. ನಾನು ಶ್ರದ್ಧೆಯಿಂದ ಬರೆದು ಕಳಿಸಿದೆ.

ಮೂರು ವಾರಕ್ಕೆ ಉತ್ತರ ಬಂತು. "ನಿನ್ನ ಒಂದನೇ ಪಾಠ ಜಾರಿಗೆ ತಂದಿದ್ದೇನೆ" ಎಂದು ಶುರುವಾಗಿತ್ತು, ತಹಸೀಲ್ದಾರರ ಆದೇಶದ ಹಾಗೆ. ಯಾರದೋ ಗೃಹಪ್ರವೇಶದ ಊಟಕ್ಕೆ ಹೋದವಳು ಪಂಕ್ತಿ ಹಾಕಿದ್ದ ಪಡಸಾಲೆಯ ಬಾಗಿಲಲ್ಲಿ ಸೋಪು, ಚೊಂಬು ಹಿಡಿದು ನಿಂತುಬಿಟ್ಟಿದ್ದಳಂತೆ. ಅವಳೆದುರು ಕೈ ತೊಳೆಯದೆ ಯಾರೂ ಎಲೆಯ ಮುಂದೆ ಕೂರುವಂತಿಲ್ಲ. ಮನೆಯ ಯಜಮಾನರೇ ಎರಡು ಸಲ ಫೇಲಾಗಿ ವಾಪಸ್ ಹೋದರಂತೆ! ಕೊನೆಯಲ್ಲಿ ಒಂದು ಸಾಲು: "ಊಟ ಒಂದು ಗಂಟೆ ತಡವಾಯಿತು. ಪಾಯಸ ಆರಿಹೋಗಿತ್ತು. ಆದರೆ ಕೈಗಳು ಚೊಕ್ಕಟವಾಗಿದ್ದವು."

ಇಷ್ಟಕ್ಕೇ ನಿಲ್ಲಿಸಬೇಕಿತ್ತು ನಾನು. ನಿಲ್ಲಿಸಲಿಲ್ಲ. ರಕ್ತಹೀನತೆಯ ಪಾಠ ಬಂದಾಗ ಅದನ್ನೂ ಬರೆದೆ. ಹೆಂಗಸರಲ್ಲಿ ಇದು ಜಾಸ್ತಿ, ಸುಸ್ತು, ಏದುಸಿರು ಬರುತ್ತದೆ, ಕಣ್ಣಿನ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ನೋಡಿದರೆ ಒಳಗೆ ಕೆಂಪಾಗಿರುವುದರ ಬದಲು ಬಿಳಿಚಿಕೊಂಡಿರುತ್ತದೆ ಎಂದೆಲ್ಲ ವಿವರಿಸಿದೆ. ಅಯ್ಯೋ, ಆ ಕೊನೆಯ ವಾಕ್ಯ ಬರೆದ ಕೈಯನ್ನು ಏನು ಮಾಡಬೇಕು ಹೇಳಿ!

ಅಲ್ಲಿಂದ ಮುಂದೆ ಹಾನುಬಾಳಿನಲ್ಲಿ ಯಾರ ಕಣ್ಣೂ ಸುರಕ್ಷಿತವಾಗಿ ಉಳಿಯಲಿಲ್ಲ. ಚಿಕ್ಕಮ್ಮ ಸಂತೆಯಲ್ಲಿ ಸೊಪ್ಪು ಮಾರುವವಳ ರೆಪ್ಪೆ ಎಳೆದಳು. ಟಿಕೆಟ್ ಕೊಡಲು ಬಗ್ಗಿದ ಬಸ್ ಕಂಡಕ್ಟರನ ರೆಪ್ಪೆ ಎಳೆದು, "ಏನಪ್ಪಾ, ಹೆಂಡ್ತಿ ಸೊಪ್ಪು ಬೇಯ್ಸಿ ಹಾಕಲ್ವಾ?" ಎಂದಳು. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಜೀಪಿನ ಕಾಗದ ಪತ್ರ ತೋರಿಸಿ ಎಂದು ಅಡ್ಡಗಟ್ಟಿದ ಪೊಲೀಸಿನವನೊಬ್ಬ ಕಿಟಕಿಯೊಳಗೆ ತಲೆ ಹಾಕಿದ. ಅಷ್ಟು ಹತ್ತಿರಕ್ಕೆ ಬಂದ ಕಣ್ಣನ್ನು ಅವಳು ಬಿಡುತ್ತಾಳೆಯೇ? ಕಾಗದ ಪತ್ರದ ವಿಷಯ ಅಲ್ಲಿಗೇ ಮರೆತುಹೋಯಿತು. ಅವನು ಹೆದರಿ ಮರುದಿನವೇ ಡಾಕ್ಟರ ಹತ್ತಿರ ಹೋದನಂತೆ.

ಒಂದು ಹೆಣ್ಣು ನೋಡುವ ಶಾಸ್ತ್ರಕ್ಕೂ ಹೋಗಿದ್ದಳು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವಳು ಎದ್ದು ಹೋಗಿ ಹುಡುಗನ ರೆಪ್ಪೆ ಎಳೆದಳು! "ಹುಡುಗೀರನ್ನ ಮಾತ್ರ ಯಾಕೆ ನೋಡ್ಬೇಕು? ಇವನ್ದೇ ಬೆಳ್ಳಗೈತೆ, ಬೇಡ" ಎಂದು ತೀರ್ಪು ಕೊಟ್ಟಳು. ಸಂಬಂಧ ಮುರಿದು ಬಿತ್ತು. ಹುಡುಗಿ ಮಾತ್ರ ಆಮೇಲೆ ಚಿಕ್ಕಮ್ಮನಿಗೆ ಒಂದು ಬುಟ್ಟಿ ಕಿತ್ತಳೆ ಕಳಿಸಿಕೊಟ್ಟಳಂತೆ. ಅವಳಿಗೂ ಆ ಹುಡುಗ ಬೇಡವಾಗಿದ್ದನಂತೆ!

ನಿಜವಾದ ಯುದ್ಧ ಶುರುವಾದದ್ದು ಕಾಫಿಯಿಂದ. ಊಟದ ಜೊತೆಗೆ ಅಥವಾ ಊಟವಾದ ತಕ್ಷಣ ಕಾಫಿ, ಟೀ ಕುಡಿದರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆ ಕಿತ್ತಳೆ ತಿಂದರೆ ಚೆನ್ನಾಗಿ ಹತ್ತುತ್ತದೆ ಎಂದು ಒಂದು ಕಾಗದದಲ್ಲಿ ಬರೆದಿದ್ದೆ. ಚಿಕ್ಕಮ್ಮ ಇದನ್ನು ಒಯ್ದು ಎಲ್ಲಿ ಓದಿದಳು ಅಂದುಕೊಂಡಿರಿ? ಸಕಲೇಶಪುರದಲ್ಲಿ ಕಾಫಿ ಬೆಳೆಗಾರರ ಸಭೆಯಲ್ಲಿ! ಬೆಲೆ ಬಿದ್ದಿದೆ, ಜನ ಹೆಚ್ಚು ಹೆಚ್ಚು ಕಾಫಿ ಕುಡಿಯುವಂತೆ ಮಾಡುವುದು ಹೇಗೆ ಎಂದು ಚರ್ಚೆ ನಡೆಯುತ್ತಿತ್ತು. ಇವಳು ಎದ್ದು ನಿಂತು, "ಉಂಡ ತಕ್ಷಣ ಕಾಫಿ ಕುಡ್ಯದು ತಪ್ಪು. ಒಂದು ಗಂಟೆ ಬಿಡ್ಬೇಕು" ಎಂದು ಓದಿ ಹೇಳಿದಳು. ಹಿಂದಿನ ಸಾಲಿನಲ್ಲಿದ್ದ ಚಿಕ್ಕಪ್ಪ ಕುರ್ಚಿಯಿಂದ ಜಾರಿ ಜಾರಿ ಅರ್ಧಕ್ಕೆ ಇಳಿದಿದ್ದರು.

ಮನೆಗೆ ಬಂದ ಮೇಲೆ ಅವರು ವರ್ಷಕ್ಕೊಮ್ಮೆ ಆಡುವ ಮಾತನ್ನು ಅವತ್ತೇ ಆಡಿದರು. "ನಾವ್ ಬೆಳೆಯೋದೇ ಕಾಫಿ ಕಣೇ, ಮಾರಾಯ್ತಿ!"

"ಬೆಳೆಯೋದು ಮಾರೋಕೆ. ಕೂಲಿ ಲೈನಿನ ಹೆಂಗಸ್ರು ಬರೀ ಕಾಫಿ ಕುಡ್ಕೊಂಡು ಮಧ್ಯಾಹ್ನದ ತನಕ ಗುದ್ದಲಿ ಹಿಡೀತಾರಲ್ಲ, ಅದನ್ನ ನೋಡಿದೀರಾ?" ಎಂದಳು ಚಿಕ್ಕಮ್ಮ. ಅವರು ವರ್ಷದ ಮಾತು ಮುಗಿಸಿ ಪೇಪರ್ ಹಿಡಿದರು.

ಮುಂದಿನ ಬೇಸಿಗೆಗೆ ನಾನೇ ಬಂದೆ. ಪದವಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಕೂಲಿಯವರ ಸಾಲುಮನೆಗಳಾದ ಎಸ್ಟೇಟ್ ಲೈನುಗಳಲ್ಲಿರುವ ಹೆಂಗಸರು ಏನು ಉಣ್ಣುತ್ತಾರೆ, ಅವರ ರಕ್ತ ಹೇಗಿದೆ ಎಂಬುದನ್ನು ಅಭ್ಯಾಸ ಮಾಡುವುದು ನನ್ನ ವಿಷಯ. ಬೆರಳಿಂದ ಒಂದು ಹನಿ ರಕ್ತ ತೆಗೆದರೆ ಹಿಮೋಗ್ಲೋಬಿನ್ ಲೆಕ್ಕ ಹೇಳುವ ಅಂಗೈಯಗಲದ ಯಂತ್ರವೊಂದನ್ನು ಪ್ರೊಫೆಸರಮ್ಮ ಕೊಟ್ಟಿದ್ದರು. ಹಾನುಬಾಳಿನಲ್ಲಿ ಬಸ್ಸಿಳಿದ ತಕ್ಷಣ ಚಿಕ್ಕಮ್ಮ ನನ್ನ ಚೀಲವನ್ನು ನೋಡಲಿಲ್ಲ, ಕೋಟು ನೋಡಲಿಲ್ಲ. ನೇರವಾಗಿ ರೆಪ್ಪೆ ಎಳೆದಳು.

"ಏನೇ ಇದು, ಸುಣ್ಣ ಬಳ್ದಂಗೈತೆ!"

"ಚಿಕ್ಕಮ್ಮ, ರೆಪ್ಪೆ ನೋಡಿ ಹೇಳೋದನ್ನ ಅಷ್ಟು ನಂಬೋ ಹಾಗಿಲ್ಲ. ಅದಕ್ಕೇ ಯಂತ್ರ ಇರೋದು" ಎಂದೆ, ಪೂರ್ತಿ ವಿದೇಶಿ ಗತ್ತಿನಲ್ಲಿ. ಅವಳು ನನ್ನನ್ನೂ ಯಂತ್ರದ ಪೆಟ್ಟಿಗೆಯನ್ನೂ ಒಂದು ಸಲ ನೋಡಿ ಜೀಪು ಹತ್ತಿದಳು.

ಹೆತ್ತೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಅನುಮತಿ ಸಿಕ್ಕಿತು. ಬಸ್ಸು ಸರಿಯಾಗಿ ಇರಲಿಲ್ಲವಾದ್ದರಿಂದ ಚಿಕ್ಕಮ್ಮನೇ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಮೊದಲ ದಿನ ಒಬ್ಬ ಹೆಂಗಸೂ ಬೆರಳು ಕೊಡಲಿಲ್ಲ. ಅವರ ರಕ್ತವನ್ನು ನಾನು ಫಾರಿನ್ನಿಗೆ ಮಾರುತ್ತೇನೆಂದು ಯಾರೋ ಹಬ್ಬಿಸಿದ್ದರು. ನಾನು ಒಪ್ಪಿಗೆ ಪತ್ರ ಹಿಡಿದುಕೊಂಡು, ಪ್ರೊಫೆಸರಮ್ಮ ಹೇಳಿಕೊಟ್ಟ ಹಾಗೆ, ಅಧ್ಯಯನದ ಉದ್ದೇಶವನ್ನು ವಿವರಿಸಿದೆ. ಎಲ್ಲರೂ ನನ್ನ ಚಪ್ಪಲಿ ನೋಡುತ್ತ ನಿಂತಿದ್ದರು. ಆಗ ಚಿಕ್ಕಮ್ಮ ಕಾಫಿ ಒಣಗಿಸುವ ಕಣದ ನಡುವೆ ಒಂದು ಸ್ಟೂಲು ಹಾಕಿಸಿ, ಸೆರಗು ಸಿಕ್ಕಿಸಿ, ಸಿಂಹಾಸನದ ಮೇಲೆ ಕೂತಂತೆ ಕೂತಳು.

"ಇದೇನ್ ಮಹಾ ಐತೆ ಅಂತ ಹೆದರ್ತೀರ್ರೇ? ಇರುವೆ ಕಡ್ದಂಗೆ ಆಯ್ತದೆ, ಅಷ್ಟೇಯ. ಮೊದ್ಲು ನನ್ ಬೆರಳು ಚುಚ್ಚು ಬಾರೇ!"

ಚುಚ್ಚಿದೆ. ಬೆರಳ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಮೂಡಿತು. ಚಿಕ್ಕಮ್ಮ ಅದನ್ನು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಸ್ಟೂಲಿನ ಸಮೇತ ಪಕ್ಕಕ್ಕೆ ಉರುಳಿಬಿಟ್ಟಳು!

ನಾನು ಅವಳ ಮುಖಕ್ಕೆ ನೀರು ಚಿಮುಕಿಸಿದೆ. ಅವಳು ಕಣ್ಣು ಬಿಟ್ಟು, "ಯಾರೂ ನೋಡಿಲ್ಲ ತಾನೆ?" ಎಂದು ಅರವತ್ತು ಜನರ ಎದುರು ಕೇಳಿದಳು. ಲೈನಿನ ಹಿರಿಯಳಾದ ಲಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. "ಅಯ್ಯೋ ನಿಮ್ ರಕ್ತಕ್ಕಿಷ್ಟು! ಇದಕ್ಕಿಂತ ಜಾಸ್ತಿ ದಿನಾ ನಮ್ ಕಾಲಿಗೆ ಹತ್ತಿದ ಜಿಗಣೆ ಕುಡೀತದೆ ಕಣ್ರವ್ವ. ಅದೂ ಸೈನು ಹಾಕಿಸ್ಕಳ್ದೆ! ತಗಾ ಮಗ, ನಂದು ಚುಚ್ಚು" ಎಂದು ಕೈ ಚಾಚಿದಳು. ಅವಳ ಹಿಂದೆ ಸಾಲು ನಿಂತಿತು. ಹೀಗೆ ಚಿಕ್ಕಮ್ಮನ ಧೈರ್ಯದಿಂದ ಆಗದ ಕೆಲಸ ಅವಳ ಪುಕ್ಕಲುತನದಿಂದ ಆಯಿತು. ಅಂದಹಾಗೆ, ಅವಳ ರಕ್ತ ಎಲ್ಲರಿಗಿಂತ ಚೆನ್ನಾಗಿತ್ತು.

ಸಂತೋಷ ಎರಡು ದಿನ ಉಳಿಯಿತು. ಮೂರನೇ ದಿನ ಊಟದ ಪ್ರಶ್ನೆಗಳು ಶುರುವಾದವು. ನಿನ್ನೆ ಏನು ಉಂಡಿರಿ, ಕಾಫಿ ಯಾವಾಗ ಕುಡಿದಿರಿ ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಮೊದಲನೆಯವಳು ಕೈ ಕಟ್ಟಿ ನಿಂತು ಒಂದೇ ಉಸಿರಿನಲ್ಲಿ ಹೇಳಿದಳು: "ಉಂಡು ಒಂದು ಗಂಟೆ ಬಿಟ್ಟು ಕುಡೀತೀವಿ, ಸೊಪ್ಪಿಗೆ ನಿಂಬೆಹುಳಿ ಹಿಂಡ್ತೀವಿ, ಸೋಪಾಕಿ ಕೈ ತೊಳೀತೀವಿ!" ಎರಡನೆಯವಳದೂ ಅದೇ ಉತ್ತರ. ಐದನೆಯವಳೂ ಅದೇ ರಾಗದಲ್ಲಿ ಒಪ್ಪಿಸಿದಳು, ಎಡಗೈಯಲ್ಲಿ ಊಟದ ತಟ್ಟೆ, ಬಲಗಡೆ ಹೊಗೆಯಾಡುವ ಕಾಫಿ ಲೋಟ ಇಟ್ಟುಕೊಂಡು!

ನಾನು ತಿರುಗಿ ನೋಡಿದೆ. ಜೀಪಿಗೆ ಒರಗಿದ್ದ ಚಿಕ್ಕಮ್ಮ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದಳು. ನಾನಿಲ್ಲದ ಎಂಟು ತಿಂಗಳು ಅವಳು ಈ ಲೈನಿಗೂ ಬಂದು ಪಾಠ ಹೇಳಿ ಹೋಗಿದ್ದಳು.

"ನೀನು ಉತ್ತರ ಎಲ್ಲ ಮೊದಲೇ ಹೇಳ್ಕೊಟ್ಟಿದೀಯ! ಇವರು ನಿಜವಾಗಿ ಏನ್ ತಿಂತಾರೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ಪಾಠ ಯೋಳ್ದೆ ಪರೀಕ್ಷೆ ಮಾಡೋದು ಯಾವೂರ್ ನ್ಯಾಯ ಕಣೇ?"

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅವತ್ತು ಬರಲಿಲ್ಲ. ಪ್ರಬಂಧವಿಲ್ಲದಿದ್ದರೆ ಪದವಿಯಿಲ್ಲ, ಒಂದು ವರ್ಷದ ಕಷ್ಟ ನೀರಿಗೆ ಹಾಕಿದ ಹಾಗೆ. ಲೈನಿನವರೆಲ್ಲರ ಎದುರಿಗೇ ಕಿರುಚಿದೆ. "ನನ್ನ ಡಿಗ್ರಿ ಹಾಳು ಮಾಡಿದೆ ನೀನು! ನಿಂಗೆ ಇದೆಲ್ಲ ಆಟ. ನಾಲ್ಕು ಕಾಗದ ಓದಿದ್ರೆ ಡಾಕ್ಟರ್ ಆಗಲ್ಲ!"

ಚಿಕ್ಕಮ್ಮ ಜೀಪು ಹತ್ತಿದಳು, ಮನೆಗೆ ಕರೆತಂದಳು, ಊಟ ಬಡಿಸಿದಳು. ಎರಡು ದಿನ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಚಿಕ್ಕಪ್ಪ ಗಾಬರಿಯಾಗಿ ನನ್ನನ್ನು ಅಂಗಳದ ಮೂಲೆಗೆ ಕರೆದು, "ಡಾಕ್ಟರ್‌ಗೆ ತೋರಿಸೋಣ್ವಾ?" ಎಂದು ಪಿಸುಗುಟ್ಟಿದರು.

ಮೂರನೇ ದಿನ ನಾವಿಬ್ಬರೂ ಮುಖ ಊದಿಸಿಕೊಂಡೇ ಲೈನಿಗೆ ಹೋದೆವು. ಅವತ್ತು ನಾನು ಅದುವರೆಗೆ ನೋಡಿರದ ಜಯಂತಿ ಎಂಬವಳು ಬಂದಿದ್ದಳು. ತವರಿನಿಂದ ಹಿಂದಿನ ದಿನವಷ್ಟೇ ವಾಪಸ್ಸಾಗಿದ್ದಳು. ಏಳು ತಿಂಗಳ ಗರ್ಭಿಣಿ. ನಾಲ್ಕು ಮೆಟ್ಟಿಲು ಹತ್ತಿ ಬಂದು ಕಂಬ ಹಿಡಿದು ನಿಂತು ಏದುಸಿರು ಬಿಡುತ್ತಿದ್ದಳು. ಯಂತ್ರ ತೋರಿಸಿದ ಅಂಕಿ ಅಷ್ಟು ಕಡಿಮೆಯಿದ್ದದ್ದು ನೋಡಿ ಯಂತ್ರ ಕೆಟ್ಟಿದೆ ಅಂದುಕೊಂಡೆ. ಇನ್ನೊಂದು ಬೆರಳು ಚುಚ್ಚಿದೆ. ಅದೇ ಅಂಕಿ. ಮೂರನೇ ಸಲವೂ ಅದೇ.

ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ನಿಯಮ ಇತ್ತು. ಹತ್ತಿರದ ಆಸ್ಪತ್ರೆಗೆ ಚೀಟಿ ಬರೆದುಕೊಡಬೇಕು. ನಾನು ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು, ತಾರೀಖು ಹಾಕಿ, ಸಹಿ ಮಾಡಿ ಜಯಂತಿಯ ಕೈಗಿಟ್ಟೆ. ಅವಳು ಅದನ್ನು ಮಡಿಸಿ ರವಿಕೆಗೆ ಸಿಕ್ಕಿಸಿಕೊಂಡು, "ಗಂಡ ಮೂಡಿಗೆರೆ ಕಡೆ ಕೆಲ್ಸಕ್ಕೋಗವ್ರೆ. ಬಂದ್ಮೇಲೆ ಹೋಯ್ತೀನಿ" ಎಂದಳು.

ಚಿಕ್ಕಮ್ಮ ಎರಡು ದಿನದ ಮೌನ ಮುರಿದಳು. "ಆ ಚೀಟಿಗೆ ಕಾಲೈತೇನೇ? ಅದು ನಡ್ಕೊಂಡು ಹೋಯ್ತದಾ?"

ನಾನು ಯಂತ್ರವನ್ನು ಪೆಟ್ಟಿಗೆಗೆ ಹಾಕುವಷ್ಟರಲ್ಲಿ ಜಯಂತಿಯನ್ನೂ ಅವಳ ಅತ್ತೆಯನ್ನೂ ಜೀಪಿನಲ್ಲಿ ಕೂರಿಸಿಯಾಗಿತ್ತು. ಸಕಲೇಶಪುರದಲ್ಲಿ ಪರೀಕ್ಷೆ ಮಾಡಿ, ಇವಳಿಗೆ ರಕ್ತ ಕೊಡಬೇಕು, ಹಾಸನಕ್ಕೆ ಹೋಗಿ ಎಂದರು. ಸದಾ ಹಾರ್ನ್ ಒತ್ತಿಕೊಂಡೇ ಓಡಿಸುವ ಚಿಕ್ಕಮ್ಮ ಅವತ್ತು ಹಳ್ಳ ಗುಂಡಿ ತಪ್ಪಿಸಿ, ನೀರು ತುಂಬಿದ ಕೊಡ ಇಟ್ಟುಕೊಂಡವಳಂತೆ ಜೀಪು ನಡೆಸಿದಳು.

ಹಾಸನದ ಆಸ್ಪತ್ರೆಯಲ್ಲಿ ಜಯಂತಿಯನ್ನು ಒಳಗೆ ಸೇರಿಸಿಕೊಂಡರು. ಇರುವ ದಾಸ್ತಾನಿನಿಂದ ಅವಳಿಗೆ ಹೊಂದುವ ರಕ್ತ ಕೊಡುತ್ತೇವೆ, ಅದರ ಬದಲಿಗೆ ನಿಮ್ಮ ಕಡೆಯವರು ಯಾರಾದರೂ ಒಂದು ಬಾಟಲಿ ಕೊಡಬೇಕು ಎಂದರು. ನಾನು ತಕ್ಷಣ ಅಂಗಿಯ ತೋಳು ಮಡಚಿದೆ. ಅಷ್ಟು ಬೆರಳು ಚುಚ್ಚಿದವಳು ಒಂದು ಸಲ ಚುಚ್ಚಿಸಿಕೊಂಡರೆ ತಪ್ಪೇನು?

ಲ್ಯಾಬಿನಾತ ನನ್ನ ಬೆರಳಿನ ಒಂದು ಹನಿಯನ್ನು ಗಾಜಿನ ಲೋಟದಲ್ಲಿದ್ದ ನೀಲಿ ದ್ರಾವಣಕ್ಕೆ ಬಿಟ್ಟ. ರಕ್ತ ಗಟ್ಟಿಯಿದ್ದರೆ ಹನಿ ಮುಳುಗುತ್ತದೆ. ನನ್ನದು ತೇಲಿತು. "ನಿಮ್ಮದೇ ಕಡಿಮೆ ಇದೆಯಲ್ಲಮ್ಮ. ನಿಮ್ಮಿಂದ ತಗೊಳ್ಳೋ ಹಾಗಿಲ್ಲ. ಊಟ ಗೀಟ ಮಾಡ್ತೀರಾ ಸರಿಯಾಗಿ? ಏನ್ ಕೆಲಸ ಮಾಡ್ತಿದೀರಿ?" ಎಂದು ಕೇಳಿದ.

ಪೌಷ್ಟಿಕಾಂಶ ಓದುತ್ತಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಜಯಂತಿಯ ಅತ್ತೆಗೆ ವಯಸ್ಸಾಗಿತ್ತು. ಉಳಿದವಳು ಚಿಕ್ಕಮ್ಮ. ಅವಳು ಗೋಡೆ ಕಡೆ ಮುಖ ತಿರುಗಿಸಿ ಬೆರಳು ಕೊಟ್ಟಳು. ಹನಿ ಸೀದಾ ತಳಕ್ಕೆ ಹೋಯಿತು.

"ಚಿಕ್ಕಮ್ಮ, ಬೇಡ. ನೀನು ಬಿದ್ದುಬಿಡ್ತೀಯ."

"ಮಂಚದ ಮೇಲೇ ಮಲಗಿಸ್ತಾರಲ್ಲೇ, ಇನ್ನೆಲ್ಲಿಗೆ ಬೀಳ್ಲಿ?" ಎಂದು ಅವಳು ಒಳಗೆ ನಡೆದಳು.

ಮಲಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಖಾಲಿ ಇದ್ದ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಏನಾರ ಮಾತಾಡ್ತಿರು. ಸುಮ್ನಿರಬೇಡ" ಎಂದಳು. ಏನು ಹೇಳುವುದೆಂದು ತೋಚದೆ, ಯಾರಿಗೂ ಹೇಳದಿದ್ದ ವಿಷಯವನ್ನೇ ಹೇಳಿದೆ. ಆ ಊರಿನಲ್ಲಿ ಚಳಿಗಾಲ ಪೂರ್ತಿ ಒಬ್ಬಳೇ ಉಣ್ಣಲು ಮನಸ್ಸು ಬರುತ್ತಿರಲಿಲ್ಲ, ಬ್ರೆಡ್ಡು ಟೀಯಲ್ಲೇ ದಿನ ಕಳೆಯುತ್ತಿದ್ದೆ, ಅಡುಗೆ ಮನೆಗೆ ಹೋದರೆ ಬೇರೆಯವರು ನಗುತ್ತ ಮಾತಾಡುವುದು ಕೇಳಿ ಬಾಗಿಲಿಂದಲೇ ವಾಪಸ್ ಬರುತ್ತಿದ್ದೆ, ಎರಡು ಸಲ ಊರಿಗೆ ಬಂದುಬಿಡಬೇಕೆಂದು ಪೆಟ್ಟಿಗೆ ಕಟ್ಟಿದ್ದೆ ಎಂದೆಲ್ಲ ಹೇಳಿದೆ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. ಎಚ್ಚರ ತಪ್ಪಿದಳೇನೋ ಅಂದುಕೊಂಡೆ. ಆದರೆ ಹಿಡಿದ ಕೈ ಸಡಿಲವಾಗಿರಲಿಲ್ಲ.

ಮುಂದಿನದೆಲ್ಲ ಸುಖವಾಗಿಯೇ ಆಯಿತು. ಜಯಂತಿ ಕೆಲವು ದಿನ ಅಲ್ಲೇ ಇದ್ದು ಚೇತರಿಸಿಕೊಂಡಳು, ಅದೇ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹೆತ್ತಳು. ಹೆಂಗಸರು ಬಾಯಿಪಾಠ ಒಪ್ಪಿಸಿದ್ದನ್ನು ಹೆದರುತ್ತಲೇ ಪ್ರೊಫೆಸರಮ್ಮನಿಗೆ ಬರೆದೆ. ಹೇಳಿಕೊಟ್ಟದ್ದಕ್ಕೂ ತಟ್ಟೆಯಲ್ಲಿದ್ದದ್ದಕ್ಕೂ ಇರುವ ವ್ಯತ್ಯಾಸವನ್ನೇ ಪ್ರಬಂಧವಾಗಿ ಬರೆ ಎಂದರು ಅವರು. ಪಾಸಾದೆ.

ಅದಿರಲಿ. ಆ ಸಂಜೆ ಹಾಸನದಿಂದ ವಾಪಸ್ ಬರುವಾಗ ಚಿಕ್ಕಮ್ಮ ಬಾಳ್ಳುಪೇಟೆಯಲ್ಲಿ ಒಂದು ಹೋಟೆಲಿನ ಮುಂದೆ ಜೀಪು ನಿಲ್ಲಿಸಿದಳು. ಇಬ್ಬರಿಗೂ ಊಟ ಹೇಳಿದಳು. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ಬಂದವು. ಮೊನ್ನೆ ಲೈನಿನಲ್ಲಿ ಕಿರುಚಿದ್ದಕ್ಕೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ.

"ಗೊತ್ತಿತ್ತು ಕಣೇ ನಂಗೆ" ಎಂದಳು, ತನ್ನ ತಟ್ಟೆಯ ಮೊಟ್ಟೆಯನ್ನು ನನ್ನ ತಟ್ಟೆಗೆ ಹಾಕುತ್ತ.

"ಏನು?"

"ಅಷ್ಟೊಂದ್ ಕಾಗದ ಬರ್ದೆ. ಜನ ಏನ್ ತಿನ್ಬೇಕು, ಏನ್ ತಿನ್ಬಾರ್ದು, ಎಲ್ಲಾ ಬರ್ದೆ. ನೀನೇನ್ ತಿಂದೆ ಅಂತ ಒಂದ್ರಾಗೂ ಬರೀಲಿಲ್ಲ."

ನಾನು ತಲೆ ತಗ್ಗಿಸಿ ಉಂಡೆ. ಸಾರು ಮುಗಿದಾಗ ಅವಳೇ ಎದ್ದು ಒಳಗೆ ಹೋಗಿ ಇನ್ನೊಂದು ಬಟ್ಟಲು ಸಾರು ತಂದು ನನ್ನ ಮುಂದಿಟ್ಟು, ನಾನು ಉಣ್ಣುವುದನ್ನೇ ನೋಡುತ್ತ ಕೂತಳು.